ಭಾವ ಗೂಡ್ಸ್ ಗಾಡಿ ನಿಲ್ಲಿಸಿದ್ದು

ನಮ್ಮ ಭಾವ ಇಪ್ಪತ್ತು ವರ್ಷ ಊರಿನ ಜನಕ್ಕೆಲ್ಲ ‘ಅಲುಗಾಡಬೇಡಿ’ ಎಂದು ಹೇಳಿಯೇ ಸಂಸಾರ ಸಾಗಿಸಿದವರು. ಬೆಟ್ಟದ ಬುಡದಲ್ಲಿದ್ದ ಆ ಊರಿನ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಹೊರಗೆ ಒಂದು ಬೆಂಚು, ಒಂದು ಕನ್ನಡಿ, ಹಲ್ಲು ಮುರಿದ ಬಾಚಣಿಗೆ; ಒಳಗೆ ಸರೋವರವನ್ನೂ ಎರಡು ಹಂಸಗಳನ್ನೂ ಬರೆದ ಪರದೆ, ಮೂರು ಕಾಲಿನ ಮೇಲೆ ನಿಂತ ಮರದ ಕ್ಯಾಮೆರಾ. ಕೂತವರ ಕತ್ತನ್ನು ಒಂದು ಚೂರು ಎಡಕ್ಕೆ ತಿರುಗಿಸಿ, ಗದ್ದವನ್ನು ಒಂದು ಚೂರು ಮೇಲಕ್ಕೆತ್ತಿ, ಭಾವ ಕರಿಬಟ್ಟೆಯೊಳಗೆ ತಲೆ ತೂರಿಸುತ್ತಿದ್ದರು. ಹೊರಬಂದು ಕತ್ತು ಸರಿಪಡಿಸುತ್ತಿದ್ದರು. ಮತ್ತೆ ತೂರಿಸುತ್ತಿದ್ದರು. ಕೊನೆಗೆ ಫೋಟೋ ತೆಗೆಯುವ ರಬ್ಬರ್ ಬುರುಡೆ ಒತ್ತುವ ಹೊತ್ತಿಗೆ ಕೂತವರ ಮುಖ ಮೂರು ದಿನದ ಬದನೆಕಾಯಿಯಾಗಿರುತ್ತಿತ್ತು.

ಆಗ ನಾನು ಅದೇ ಊರಿನ ಸರ್ವೆ ಆಫೀಸಿನಲ್ಲಿ ಗುಮಾಸ್ತನಾಗಿ, ಅಕ್ಕನ ಮನೆಯಲ್ಲೇ ಬಿಡಾರ ಹೂಡಿದ್ದೆ. ಆದ್ದರಿಂದ ಈ ಕಥೆಗೆ ನಾನೇ ಸಾಕ್ಷಿ. ಮುಖ್ಯ ಘಟನೆ ನಡೆದಾಗ ನಾನು ಮರದಡಿ ನಿದ್ದೆ ಮಾಡುತ್ತಿದ್ದೆ ಎಂಬುದೊಂದು ಸಣ್ಣ ಕೊರತೆ.

ಎಲ್ಲ ಶುರುವಾದದ್ದು ಒಬ್ಬ ನಿವೃತ್ತ ಕೋರ್ಟು ಗುಮಾಸ್ತರಿಂದ. ಅವರು ತಮ್ಮ ಫೋಟೋ ತೆಗೆದುಕೊಂಡು ಹೋಗಲು ಬಂದರು. ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಇದು ನಾನು ತೀರಿಕೊಂಡ ಮೇಲೆ ಗೋಡೆಗೆ ಹಾಕೋಕಾ?”

“ಈಗಲೇ ಹಾಕಬಹುದು,” ಎಂದರು ಭಾವ.

“ಈಗ ಹಾಕಿದ್ರೆ ನಮ್ಮ ಮನೆಯವಳು ಅಳೋಕೆ ಶುರು ಮಾಡ್ತಾಳೆ.”

ಪಕ್ಕದ ಕ್ಷೌರದಂಗಡಿಯವನು ಇದನ್ನು ಕೇಳಿಸಿಕೊಂಡ. ಅವನ ಕತ್ತರಿಗಿಂತ ನಾಲಿಗೆ ಚುರುಕು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಭಾವ ಮನೆಗೆ ಬಂದು ಅಕ್ಕನ ಮುಂದೆ ನ್ಯಾಯ ಕೇಳಿದರು. ಅಕ್ಕನ ನ್ಯಾಯಕ್ಕೆ ದಾಕ್ಷಿಣ್ಯ ಎಂಬುದಿರಲಿಲ್ಲ.

“ಅವರು ಹೇಳಿದ್ದರಲ್ಲಿ ತಪ್ಪೇನಿದೆ ರೀ? ನೀವು ತೆಗೆದ ನನ್ನ ಫೋಟೋ ನೋಡಿ ನಮ್ಮಮ್ಮ, ಮಗಳಿಗೆ ಏನು ಕಾಯಿಲೆ ಅಂತ ಕಾಗದ ಬರೆದು ಕೇಳಿರಲಿಲ್ವಾ?”

ಭಾವ ಎದ್ದು ನಿಂತರು. ಅವರು ಎದ್ದು ನಿಂತರೆ ಪ್ರತಿಜ್ಞೆ ಮಾಡುತ್ತಾರೆ ಎಂದೇ ಅರ್ಥ. “ಜೀವ ಇರೋದನ್ನೇ ತೆಗೆದು ತೋರಿಸ್ತೀನಿ! ಈ ಊರಲ್ಲಿ ಜೀವ ಇರೋದು ಒಂದಕ್ಕೇ. ರೈಲಿಗೆ!”

ಅದು ಅತಿಶಯೋಕ್ತಿಯೇನಲ್ಲ. ಆ ಬೆಟ್ಟದ ಲೈನು ಅಂದರೆ ಹಾಗಿತ್ತು. ಬೆಳಗ್ಗೆ ಏಳಕ್ಕೆ ಪ್ಯಾಸೆಂಜರು ಏದುಸಿರು ಬಿಡುತ್ತ ಬೆಟ್ಟ ಹತ್ತಲು ಹೊರಟಾಗ ಊರಿನ ಕಿಟಕಿಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಆಮೇಲೆ ಅದು ಸುರಂಗಕ್ಕೆ ಹೊಕ್ಕಾಗ ಒಂದು ಕೂಗು, ಸೇತುವೆ ಮೇಲೆ ಒಂದು ಕೂಗು, ತಿರುವಿನಲ್ಲಿ ಒಂದು. ನಾವು ಹಾಸಿಗೆಯಲ್ಲೇ ಮಲಗಿ, ಈಗ ಇಲ್ಲಿದೆ, ಈಗ ಅಲ್ಲಿದೆ ಎಂದು ಲೆಕ್ಕ ಹಾಕಬಹುದಿತ್ತು. ಮಧ್ಯಾಹ್ನ ಉಪ್ಪು, ಸಿಮೆಂಟು, ಸೀಮೆಎಣ್ಣೆ ಹೊತ್ತ ಗೂಡ್ಸು. ಮೋಡವಿದ್ದ ದಿನ ಅದರ ಹೊಗೆ ಬೆಟ್ಟದಿಂದ ಇಳಿದು ಬಂದು ಒಣಹಾಕಿದ ಬಟ್ಟೆಗಳ ಮೇಲೆ ಕೂರುತ್ತಿತ್ತು. ಹೆಂಗಸರು ಬೈಯುತ್ತಿದ್ದರು. ಆ ಮಸಿಯ ವಾಸನೆ ಈಗ ಎಲ್ಲಾದರೂ ಸಿಕ್ಕೀತೇ ಎಂದು ನಾನು ಎಷ್ಟೋ ಊರಲ್ಲಿ ಮೂಗು ಅರಳಿಸಿ ನಿಂತಿದ್ದೇನೆ.

ಭಾನುವಾರದಿಂದ ಭಾವನ ರೈಲು ಬೇಟೆ ಶುರುವಾಯಿತು. ಅವರ ಕಷ್ಟವೇನೆಂದರೆ, ಕೂತವರ ಕತ್ತು ತಿರುಗಿಸಿ ಅಭ್ಯಾಸವಾಗಿದ್ದ ಮನುಷ್ಯನಿಗೆ ರೈಲಿನ ಕತ್ತು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಹಳಿಯ ಪಕ್ಕದಲ್ಲೇ, ಮುಟ್ಟುವಷ್ಟು ಹತ್ತಿರ, ಕ್ಯಾಮೆರಾ ನಿಲ್ಲಿಸುತ್ತಿದ್ದರು. ಬಟ್ಟೆಯೊಳಗೆ ತಲೆ ತೂರಿಸಿ ಹೊರಬರುವಷ್ಟರಲ್ಲಿ ರೈಲು ಮುಂದಿನ ಸ್ಟೇಷನ್ನಿನಲ್ಲಿರುತ್ತಿತ್ತು. ಮೊದಲ ಭಾನುವಾರ ಬರೀ ಹೊಗೆ ಬಂತು. ಎರಡನೆಯ ಭಾನುವಾರ ಒಂದು ಕಿಟಕಿಯೂ ಅದರೊಳಗೆ ಆಕಳಿಸುತ್ತಿದ್ದ ಒಬ್ಬ ಹೆಂಗಸಿನ ಅರ್ಧ ಬಾಯಿಯೂ ಬಂದವು. ಮೂರನೆಯ ಭಾನುವಾರ ರೈಲು ಬಿಟ್ಟು ಹಳಿ ದಾಟುತ್ತಿದ್ದ ಮೇಕೆ ಬಂತು. ಮೇಕೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು, ಅದು ಅಲುಗಾಡಿರಲಿಲ್ಲ.

“ಪ್ಯಾಸೆಂಜರ್ ಬೇಡ,” ಎಂದು ಭಾವ ತೀರ್ಮಾನಿಸಿದರು. “ಅದಕ್ಕೆ ಆತುರ ಜಾಸ್ತಿ. ಗೂಡ್ಸ್ ಗಾಡಿ ಗಂಭೀರ ಸ್ವಭಾವದ್ದು.”

ನಿಜ. ಸುರಂಗದ ಕೆಳಗಿನ ಏರಿನಲ್ಲಿ ಹದಿನಾಲ್ಕು ಡಬ್ಬಿಯ ಗೂಡ್ಸು ಮನುಷ್ಯರು ನಡೆಯುವ ವೇಗದಲ್ಲಿ ಹತ್ತುತ್ತಿತ್ತು. ನಾಲ್ಕನೆಯ ಭಾನುವಾರ ಅಲ್ಲಿಗೆ ಹೊರಟೆವು. ಹೊರಡುವ ಮುಂಚೆ ನೋಡಿದರೆ ಕ್ಯಾಮೆರಾದ ಕರಿಬಟ್ಟೆಯನ್ನು ಇಲಿ ಕಡಿದುಹಾಕಿತ್ತು. ಅಕ್ಕ ಅರ್ಧ ಗಂಟೆಯಲ್ಲಿ ಹೊಸದೊಂದನ್ನು ಹೊಲಿದುಕೊಟ್ಟಳು. ಹೊರಗೆ ಕರಿಬಟ್ಟೆ, ಬೆಳಕು ಒಳಗೆ ತೂರದಿರಲೆಂದು ಒಳಗೆ ದಪ್ಪನೆಯ ಅಸ್ತರು. ಅಸ್ತರಿಗೆ ಅವಳು ಬಳಸಿದ್ದು ಹಳೆಯ ಬಾಗಿಲು ಪರದೆ. ಅದರ ಬಣ್ಣ ಕೆಂಪು, ಒಳ್ಳೆ ದಾಸವಾಳದ ಕೆಂಪು.

ಓದುಗರು ಈಗಾಗಲೇ ಊಹಿಸಿರಬಹುದು. ಭಾವ ಊಹಿಸಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆ. ನಾನು ರೊಟ್ಟಿ ತಿಂದು ಮರದಡಿ ಒರಗಿದ್ದೆ. ಕೆಳಗಡೆ ಗೂಡ್ಸು ಬುಸುಗುಟ್ಟುತ್ತ ಬರುತ್ತಿತ್ತು. ಭಾವ ಬಟ್ಟೆಯೊಳಗೆ ತಲೆ ತೂರಿಸಿದರು. ಅವರಿಗಿಂತ ಮುಂಚೆ ಅಲ್ಲೊಂದು ಕಡಜದ ಹುಳು ತಲೆ ತೂರಿಸಿತ್ತು. ಅದು ಬಲಗಿವಿಗೆ ಕಚ್ಚಿತು. ಭಾವ ಚೀರಿ, ಬಟ್ಟೆಯನ್ನು ಕಿತ್ತು, ಕಡಜವನ್ನು ಓಡಿಸಲು ಎರಡೂ ಕೈಯಿಂದ ಅದನ್ನು ಬೀಸುತ್ತ ಹಳಿಯ ಮಧ್ಯೆ ಕುಣಿಯತೊಡಗಿದರು. ಕೆಂಪು ಮಗ್ಗುಲು ಹೊರಗಿತ್ತು.

ನನಗೆ ಎಚ್ಚರವಾದದ್ದು ಬ್ರೇಕಿನ ಕಿರುಚಾಟಕ್ಕೆ. ಕಣ್ಣು ಬಿಟ್ಟರೆ ಇಂಜಿನ್ನು ಭಾವನಿಂದ ಹತ್ತು ಮಾರು ದೂರದಲ್ಲಿ ನಿಂತು ಆವಿ ಉಗುಳುತ್ತಿತ್ತು. ಡ್ರೈವರು ಕೆಳಗೆ ಧುಮುಕಿದ. ದೊಡ್ಡ ಮೀಸೆಯ ಆಸಾಮಿ. ಊರಲ್ಲಿ ಅವನನ್ನು ಮೀಸೆ ಡ್ರೈವರ್ ಎಂದೇ ಕರೆಯುತ್ತಿದ್ದರು.

“ಏನಾಯ್ತು? ಮುಂದೆ ಏನಿದೆ?”

‘ಏನಿಲ್ಲ, ಕಡಜ ಕಚ್ಚಿತು’ ಎನ್ನಬೇಕಿತ್ತು. ಆದರೆ ಆ ಕಪ್ಪು ಇಂಜಿನ್ನು, ಆ ಮೀಸೆ, ಹಿಂದೆ ನಿಂತ ಹದಿನಾಲ್ಕು ಡಬ್ಬಿ! ಇಷ್ಟೆಲ್ಲವನ್ನೂ ಒಂದು ಹುಳಕ್ಕಾಗಿ ನಿಲ್ಲಿಸಿದೆ ಎಂದು ಯಾವ ಬಾಯಿಂದ ಹೇಳುವುದು? ಭಾವ ತಿರುವಿನ ಕಡೆ ಕೈತೋರಿಸಿ ತೊದಲಿದರು: “ಕ... ಕ...” ಕಡಜ ಎನ್ನಲು ಹೊರಟಿದ್ದರೋ ಏನೋ. ನಾಲಿಗೆ ಸುಲಭದ ದಾರಿ ಹಿಡಿಯಿತು. “ಕಲ್ಲು!”

“ಎಷ್ಟು ದೊಡ್ಡದು?”

ಭಾವ ಗಾಬರಿಯಲ್ಲಿ ಎರಡೂ ಕೈ ಅಗಲಿಸಿದರು. ಡ್ರೈವರು ಅದನ್ನು ಅಳತೆ ಎಂದುಕೊಂಡ.

ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಬೆಂಕಿಯವನು ಓಡಿಹೋಗಿ ತಿರುವಿನಾಚೆ ನೋಡಿ ಬಂದ. “ಹೌದು, ಅಣ್ಣಾ! ಒಂದು ಕಲ್ಲಿದೆ. ಹಳಿ ಪಕ್ಕಕ್ಕೆ ಉರುಳಿ ನಿಂತಿದೆ. ಸ್ವಲ್ಪದರಲ್ಲಿ ತಪ್ಪಿತು!”

ಡ್ರೈವರು ಭಾವನನ್ನು ಅಪ್ಪಿಕೊಂಡ. ಮೀಸೆ ಭಾವನ ಊದಿದ ಕಿವಿಗೆ ತಗುಲಿ ಅವರು ಮತ್ತೊಮ್ಮೆ ಚೀರಿದರು. ಡ್ರೈವರು ಅದನ್ನು ಭಾವಾವೇಶ ಎಂದುಕೊಂಡ.

ಏರಿನಲ್ಲಿ ನಿಂತ ಗೂಡ್ಸು ಮತ್ತೆ ಹೊರಡುವುದೆಂದರೆ ಹುಡುಗಾಟವಲ್ಲ. ಅದು ಹಿಮ್ಮುಖವಾಗಿ ನಮ್ಮ ಸ್ಟೇಷನ್ನಿಗೇ ಇಳಿದು, ಉಗಿ ಏರಿಸಿಕೊಂಡು, ಓಟ ಹೊಡೆದು ಹತ್ತಬೇಕಾಯಿತು. ಅಷ್ಟು ಹೊತ್ತು ಮೇಲಿನ ಸ್ಟೇಷನ್ನಿನಲ್ಲಿ ಇಳಿಯುವ ಪ್ಯಾಸೆಂಜರು ಕಾಯಬೇಕಾಯಿತು. ಅದರ ಮೊದಲ ದರ್ಜೆಯಲ್ಲಿ ಇಡೀ ಲೈನಿನ ದೊಡ್ಡ ಸಾಹೇಬರು ಕೂತಿದ್ದರು. ಎರಡು ಗಂಟೆ ತಡವಾಗಿ, ಕೆಂಡ ಕಾರುತ್ತ ಇಳಿದ ಅವರಿಗೆ ಸಂಗತಿ ಹೇಳಲಾಯಿತು. ಸಾಹೇಬರು ಭಾವನ ಕೈ ಕುಲುಕಿ, “ನಿಮ್ಮಂಥವರು ಇರೋದ್ರಿಂದಲೇ ರೈಲ್ವೆ ನಡೀತಿದೆ,” ಎಂದರು.

ಮರುದಿನದಿಂದ ಆ ಕಲ್ಲು ಬೆಳೆಯತೊಡಗಿತು. ಸೋಮವಾರ ಅದು ಕುರ್ಚಿಯಷ್ಟಿತ್ತು. ಮಂಗಳವಾರ ಕ್ಷೌರದಂಗಡಿಯಲ್ಲಿ ಎಮ್ಮೆಯಷ್ಟಾಯಿತು. ಗುರುವಾರ ಪತ್ರಿಕೆಯಲ್ಲಿ ‘ಕುಸಿದ ಬೆಟ್ಟ: ರೈಲಿಗೆ ಎದೆಯೊಡ್ಡಿ ನಿಂತ ಛಾಯಾಗ್ರಾಹಕ’ ಎಂದು ಬಂತು. ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಬೋಳಿಸಿ, ಕತ್ತಿ ಎತ್ತಿ ಹಿಡಿದು, “ಕಲ್ಲು ಉರುಳ್ತಾ ಇದೆ! ಇವರು ಒಂದು ಕೈಯಲ್ಲಿ ಕಲ್ಲು ತಡೆದಿದ್ದಾರೆ, ಇನ್ನೊಂದು ಕೈಯಲ್ಲಿ ಬಟ್ಟೆ ಬೀಸಿದ್ದಾರೆ!” ಎನ್ನುತ್ತಿದ್ದ. ಗಿರಾಕಿ ಅಲುಗಾಡದೆ ಒಪ್ಪಿಕೊಳ್ಳುತ್ತಿದ್ದ. ಕತ್ತಿ ಕ್ಷೌರದವನ ಕೈಯಲ್ಲಿತ್ತಲ್ಲ.

ಸ್ಟುಡಿಯೋದ ಬೆಂಚಿನ ಮೇಲೆ ಜಾಗವಿಲ್ಲದಾಯಿತು. ಆ ಕೋರ್ಟು ಗುಮಾಸ್ತರೂ ಹೆಂಡತಿಯನ್ನು ಕರೆತಂದು, “ವೀರರ ಕೈಯಲ್ಲಿ ಜೋಡಿ ಫೋಟೋ ತೆಗೆಸ್ಕೋಬೇಕು ಅಂತ ಇವಳ ಆಸೆ,” ಎಂದರು. ಅಕ್ಕ ಬಂದವರಿಗೆಲ್ಲ, “ಬಟ್ಟೆ ಹೊಲಿದಿದ್ದು ನಾನು,” ಎಂದು ಜ್ಞಾಪಿಸುತ್ತಿದ್ದಳು. ಭಾವ ಮೊದಲೆರಡು ದಿನ ‘ಅಂಥದ್ದೇನಿಲ್ಲ’ ಎಂದರು. ಮೂರನೆಯ ದಿನ ‘ಕರ್ತವ್ಯ’ ಎಂದರು. ಐದನೆಯ ದಿನದ ಹೊತ್ತಿಗೆ ಕಲ್ಲು ಯಾವ ದಿಕ್ಕಿನಿಂದ ಉರುಳಿತು ಎಂಬುದು ಅವರಿಗೂ ನೆನಪಾಗತೊಡಗಿತ್ತು.

ಆರನೆಯ ದಿನ ಒಬ್ಬ ಮುದಿಯಾಗುತ್ತಿದ್ದ ಮನುಷ್ಯ ಟೋಪಿಯನ್ನು ಕೈಯಲ್ಲಿ ಹಿಡಿದು ಬಂದು ನಿಂತ. ಖಾಕಿ ಅಂಗಿ, ಹೊಲಿಗೆ ಹಾಕಿದ ಬೂಟು. ಹಳಿಯ ಆ ಭಾಗದ ಗ್ಯಾಂಗ್‌ಮನ್. ಹೆಗಲ ಮೇಲೆ ಸುತ್ತಿಗೆ ಹೊತ್ತು ದಿನಾ ಎಂಟು ಮೈಲಿ ಹಳಿಯ ಮೇಲೆ ನಡೆದು, ಸಡಿಲವಾದದ್ದನ್ನು ಬಿಗಿದು, ‘ದಾರಿ ಸರಿಯಿದೆ’ ಎಂದು ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವುದು ಅವನ ಕೆಲಸ.

“ಸಣ್ಣ ಸೈಜಿನ ಫೋಟೋ ಮೂರು ಬೇಕು ಸ್ವಾಮಿ. ಅರ್ಜಿಗೆ ಅಂಟಿಸೋಕೆ.”

“ಏನು ಅರ್ಜಿ?” ಎಂದು ಭಾವ ಅವನನ್ನು ಸ್ಟೂಲಿನ ಮೇಲೆ ಕೂರಿಸುತ್ತ ಕೇಳಿದರು.

“ಮರದ ಡಿಪೋದಲ್ಲಿ ಕಾವಲುಗಾರ ಬೇಕಂತೆ. ಬುಧವಾರ ರೈಲ್ವೆಯವರ ವಿಚಾರಣೆ ಇದೆ. ಆಮೇಲೆ ಈ ಕೆಲಸ ಇರಲ್ಲ.”

“ಯಾಕೆ?”

“ನೀವು ಕಲ್ಲು ನೋಡಿದ್ರಲ್ಲ, ಅದಕ್ಕೆ ಅರ್ಧ ಗಂಟೆ ಮುಂಚೆ ನಾನು ಅಲ್ಲೇ ನಡ್ಕೊಂಡು ಹೋಗಿದ್ದೆ. ದಾರಿ ಸರಿಯಿದೆ ಅಂತ ಹೆಬ್ಬೆಟ್ಟು ಒತ್ತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಬೋಲ್ಟು ಕಣ್ಣು ತಪ್ಪಿಸಿಲ್ಲ ಸ್ವಾಮಿ. ಎಮ್ಮೆಯಷ್ಟು ದೊಡ್ಡ ಕಲ್ಲು ಕಾಣಲಿಲ್ಲ ಅಂದ್ರೆ ಕಣ್ಣು ಹೋಯ್ತು ಅಂತಾನೇ ಅರ್ಥ.” ಅವನು ಟೋಪಿಯನ್ನು ಮೊಣಕಾಲ ಮೇಲೆ ಸರಿಯಾಗಿ ಇಟ್ಟುಕೊಂಡ. “ನೀವಿದ್ರಿ, ಆಯ್ತು. ಇಲ್ಲದಿದ್ರೆ ಆ ಮೀಸೆ ಡ್ರೈವರ್ ಮಕ್ಕಳ ಮುಖ ನಾನು ಹೇಗೆ ನೋಡ್ತಿದ್ದೆ? ನಿಮಗೊಂದು ಮಾತು ಹೇಳಿ ಹೋಗೋಣ ಅಂತಲೂ ಬಂದೆ.”

ಭಾವ ಸರಕ್ಕನೆ ಬಟ್ಟೆಯೊಳಗೆ ತಲೆ ತೂರಿಸಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

“ಅಲುಗಾಡಬೇಡಿ,” ಎಂದು ಒಳಗಿಂದ ಸಣ್ಣ ದನಿ ಬಂತು.

“ನಾನು ಅಲುಗಾಡ್ತಿಲ್ಲ ಸ್ವಾಮಿ,” ಎಂದ ಗ್ಯಾಂಗ್‌ಮನ್. “ಕ್ಯಾಮೆರಾ ಅಲುಗಾಡ್ತಿದೆ.”

ಅಂದು ಮನೆಯಲ್ಲಿ ಭಾವ ಊಟ ಬೇಡವೆಂದರು. ಅಕ್ಕ ಎರಡು ಸಲ ಕರೆದಳು; ಮೂರನೆಯ ಸಲ ತಟ್ಟೆ ಕುಕ್ಕಿದಳು. ಆಗ ಭಾವ ಎಲ್ಲವನ್ನೂ ಒಪ್ಪಿಸಿದರು. ಕಡಜ, ಬಟ್ಟೆ, ನಾಲಿಗೆ, ಎಲ್ಲ.

“ಕಡಜ ಕಚ್ಚಿದ್ದು ಅಂತ ನನಗೆ ಅವತ್ತೇ ಗೊತ್ತಿತ್ತು,” ಎಂದಳು ಅಕ್ಕ. “ಕಿವಿಗೆ ಮುಲಾಮು ಹಚ್ಚಿದ್ದು ಯಾರು?”

“ಮತ್ತೆ ಯಾಕೇ ಸುಮ್ಮನಿದ್ದೆ?”

“ಹದಿನೈದು ವರ್ಷದಲ್ಲಿ ಮೊದಲ ಸಲ ನೀವು ಎದೆ ಸೆಟೆಸಿ ನಡೀತಿದ್ರಿ. ನೋಡೋಕೆ ಚೆನ್ನಾಗಿತ್ತು.” ಅವಳು ಸೆರಗಿನಿಂದ ತಟ್ಟೆಯ ಅಂಚು ಒರೆಸಿದಳು. “ಬುಧವಾರ ಹೋಗಿ ನಿಜ ಹೇಳಿ ಬನ್ನಿ. ಒಳಗೆ ಹಾಕಿದ್ರೆ ಊಟ ನಾನು ಕಳಿಸ್ತೀನಿ. ಈಗ ಉಣ್ಣಿ.”

ಬುಧವಾರ ಸ್ಟೇಷನ್ನಿನ ಮಹಡಿಯ ಕೋಣೆಯಲ್ಲಿ ವಿಚಾರಣೆ. ಪ್ಲಾಟ್‌ಫಾರ್ಮಿನ ಕಡೆಗೆ ತೆರೆದ ದೊಡ್ಡ ಕಿಟಕಿ. ಮೇಜಿನಾಚೆ ದೊಡ್ಡ ಸಾಹೇಬರು; ಈಚೆ ಮೀಸೆ ಡ್ರೈವರು, ಬೆಂಕಿಯವನು, ಮೂಲೆಯಲ್ಲಿ ಗ್ಯಾಂಗ್‌ಮನ್. ನಡುವೆ ಗೋಣಿ ಹೊದಿಸಿದ ಸಾಕ್ಷ್ಯದ ಕಲ್ಲು. ಅದನ್ನು ನಾಲ್ವರು ಬೆಟ್ಟದಿಂದ ಹೊತ್ತು ತಂದಿದ್ದರು. ನಾನು ಅರ್ಧ ದಿನ ರಜೆ ಹಾಕಿ ಬಾಗಿಲ ಬಳಿ ನಿಂತಿದ್ದೆ.

ಭಾವ ಎದ್ದು ಒಂದೇ ಉಸಿರಿಗೆ ಹೇಳಿದರು: “ಕಲ್ಲು ನಾನು ನೋಡಲೇ ಇಲ್ಲ ಸಾರ್. ಕಡಜ ಕಚ್ಚಿತು, ಬಟ್ಟೆ ಬೀಸಿದೆ, ಗಾಡಿ ನಿಂತುಬಿಡ್ತು. ಸುಳ್ಳು ಹೇಳಿದೆ. ಗ್ಯಾಂಗ್‌ಮನ್ ತಪ್ಪು ಏನೂ ಇಲ್ಲ.”

ದೊಡ್ಡ ಸಾಹೇಬರು ಕನ್ನಡಕ ತೆಗೆದರು. ಅವರ ಕಣ್ಣು ತೇವವಾಗಿದ್ದವು.

“ಎಂಥಾ ಮನಸ್ಸು ರೀ ನಿಮ್ಮದು! ಒಬ್ಬ ಬಡವನ ಕೆಲಸ ಉಳಿಸೋಕೆ ನಿಮ್ಮ ಕೀರ್ತಿಯನ್ನೇ ಬಿಟ್ಟುಕೊಡ್ತಿದ್ದೀರಿ.”

“ಅಯ್ಯೋ, ಇಲ್ಲ ಸಾರ್! ನಿಜವಾಗಲೂ ಕಡಜ!”

“ಒಂದು ಹುಳಕ್ಕೆ ನಾನು ಗಾಡಿ ನಿಲ್ಲಿಸ್ತೀನಾ?” ಎಂದು ಮೀಸೆ ಡ್ರೈವರು ಎದ್ದ. ಅವನ ಮಾನದ ಪ್ರಶ್ನೆ.

“ಹುಳಕ್ಕಲ್ಲಪ್ಪ, ಬಟ್ಟೆಗೆ! ಹೀಗೆ ಬೀಸಿದೆ, ನೋಡಿ!” ಭಾವ ಚೀಲದಿಂದ ಆ ಬಟ್ಟೆಯನ್ನು ಎಳೆದು, ಎರಡೂ ಕೈಯಿಂದ ಬೀಸುತ್ತ, ಕಿಟಕಿಯ ಮುಂದೆ ಅಂದಿನ ಕುಣಿತವನ್ನು ಯಥಾವತ್ತಾಗಿ ಕುಣಿದು ತೋರಿಸಿದರು. ಸರಿಯಾಗಿ ಅದೇ ಹೊತ್ತಿಗೆ ಕೆಳಗೆ ಹತ್ತೂವರೆಯ ಪ್ಯಾಸೆಂಜರು ಹೊರಟಿತ್ತು. ಕಿರ್ರ್ ಎಂದು ಬ್ರೇಕು ಬಿತ್ತು. ಡಬ್ಬಿಗೆ ಡಬ್ಬಿ ಗುದ್ದಿದ ಸದ್ದು, ಒಂದು ಪೆಟ್ಟಿಗೆ ಬಿದ್ದ ಸದ್ದು, ಹತ್ತಾರು ಜನ ಬೈದ ಸದ್ದು ಬಂತು. ಕೆಳಗಿನಿಂದ ಡ್ರೈವರು ಕೂಗಿದ: “ಮೇಲೆ ಯಾರು? ಏನಾಯ್ತು? ಮುಂದೆ ಏನಿದೆ?”

ಸಾಹೇಬರು ಕಿಟಕಿಯಿಂದ ಇಣುಕಿ, “ಏನಿಲ್ಲ, ಹೋಗಯ್ಯಾ!” ಎಂದು ಕೂಗಿ, ನಿಧಾನವಾಗಿ ಕುರ್ಚಿಗೆ ಮರಳಿದರು. ಈ ಸಲ ಅವರ ಕಣ್ಣು ಒಣಗಿದ್ದವು.

“ಆದರೆ ಕಲ್ಲು?” ಎಂದು ಬೆಂಕಿಯವನು ಗೋಣಿಯನ್ನು ಎಳೆದ. “ಇದು ಸುಳ್ಳಾ?”

ಗ್ಯಾಂಗ್‌ಮನ್ ಮೂಲೆಯಿಂದ ಎರಡು ಹೆಜ್ಜೆ ಮುಂದೆ ಬಂದ. ಕಲ್ಲನ್ನು ಅವನಿಗೆ ಅದುವರೆಗೆ ಯಾರೂ ತೋರಿಸಿರಲಿಲ್ಲ.

“ಇದಾ?” ಎಂದ. “ಇದು ನಾನು ಕೂತು ಬುತ್ತಿ ತಿನ್ನೋ ಕಲ್ಲು. ಹನ್ನೊಂದು ವರ್ಷದಿಂದ ಅಲ್ಲೇ ಇದೆ. ನಾನೇ ಉರುಳಿಸಿ ತಂದು ಇಟ್ಟಿದ್ದು. ಇದನ್ನ ಯಾಕೆ ಹೊತ್ಕೊಂಡು ಬಂದ್ರಿ? ಮೂರು ದಿನದಿಂದ ನಿಂತ್ಕೊಂಡು ತಿಂತಿದ್ದೀನಿ.”

ಮೊದಲು ನಕ್ಕವನು ಮೀಸೆ ಡ್ರೈವರು. ಆಮೇಲೆ ಯಾರು ನಕ್ಕರು, ಯಾರು ಬಿಟ್ಟರು ಎಂದು ಹೇಳಲಾರೆ. ಗ್ಯಾಂಗ್‌ಮನ್ ಮಾತ್ರ ನಗಲಿಲ್ಲ. ಎರಡೂ ಕಣ್ಣನ್ನು ಒಂದೊಂದಾಗಿ ಮುಚ್ಚಿ ತೆರೆದು, ಕಿಟಕಿಯಾಚೆ ದೂರದ ಸಿಗ್ನಲ್ಲನ್ನು ನೋಡಿದ. “ಹಂಗಾದ್ರೆ ಕಣ್ಣು ಸರಿಯಿದೆ,” ಎಂದು ತನಗೆ ತಾನೇ ಹೇಳಿಕೊಂಡ.

ಸಾಹೇಬರ ತೀರ್ಪು ಎರಡು ಪುಟ. ಸಾರಾಂಶ ಇಷ್ಟು: ಗ್ಯಾಂಗ್‌ಮನ್ ನಿರ್ದೋಷಿ, ಕಲ್ಲನ್ನು ಹೊತ್ತು ತಂದವರೇ ವಾಪಸು ಇಟ್ಟು ಬರತಕ್ಕದ್ದು, ಕೆಂಪು ಬಟ್ಟೆ ಜಪ್ತಿ, ಛಾಯಾಗ್ರಾಹಕರು ಒಂದು ವರ್ಷ ಕಾಲ ಹಳಿಯಿಂದ ಮುನ್ನೂರು ಹೆಜ್ಜೆಯೊಳಗೆ ಕಾಲಿಡತಕ್ಕದ್ದಲ್ಲ, ಇದನ್ನು ಸದರಿ ಗ್ಯಾಂಗ್‌ಮನ್ ನೋಡಿಕೊಳ್ಳತಕ್ಕದ್ದು.

ಊರು ವೀರನನ್ನು ಒಂದೇ ಮಧ್ಯಾಹ್ನದಲ್ಲಿ ಕಳೆದುಕೊಂಡಿತು. ಕ್ಷೌರದವನು, “ನನಗೆ ಮೊದಲೇ ಅನುಮಾನ ಇತ್ತು,” ಎಂದ. ಭಾವ ಕ್ಯಾಮೆರಾವನ್ನು ಹಂಸಗಳ ಮುಂದೆ ನಿಲ್ಲಿಸಿ ಮತ್ತೆ ಕತ್ತು ತಿರುಗಿಸುವ ಕೆಲಸಕ್ಕೆ ಕೂತರು.

ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೆ ಬಾಗಿಲು ತಟ್ಟಿದ ಸದ್ದು. ಗ್ಯಾಂಗ್‌ಮನ್.

“ಬನ್ನಿ ಸ್ವಾಮಿ, ಕ್ಯಾಮೆರಾ ತಗೊಳ್ಳಿ. ಮುನ್ನೂರು ಹೆಜ್ಜೆ ಅಳೆದು ಕೊಡ್ತೀನಿ.”

ಅವನು ಸುರಂಗದ ಕೆಳಗೆ ಹಳಿಯ ಪಕ್ಕ ನಿಂತು, ಎದುರಿನ ಗುಡ್ಡದ ಮೇಲಕ್ಕೆ ಒಂದು, ಎರಡು ಎಂದು ಎಣಿಸುತ್ತ ನಡೆದ. ಹಿಂದೆ ಭಾವ, ಅವರ ಹಿಂದೆ ತೇಕುತ್ತ ನಾನು. ಮುನ್ನೂರಕ್ಕೆ ಒಂದು ಚಪ್ಪಟೆ ಬಂಡೆ ಬಂತು. “ಇಲ್ಲಿ,” ಎಂದ. ತಿರುಗಿ ನೋಡಿದೆವು.

ಇಡೀ ಲೈನು ಕಣ್ಣ ಮುಂದಿತ್ತು. ಕೆಳಗೆ ಸ್ಟೇಷನ್ನು, ಮೂರು ತಿರುವು, ಐದು ಕಮಾನಿನ ಸೇತುವೆ, ಸುರಂಗದ ಬಾಯಿ. ಏಳರ ಪ್ಯಾಸೆಂಜರು ಹೊಗೆಯನ್ನು ಹಿಂದಕ್ಕೆ ಚೆಲ್ಲುತ್ತ, ಒಂದು ತಿರುವಿನಲ್ಲಿ ಅಡಗಿ ಇನ್ನೊಂದರಲ್ಲಿ ಹೊರಬಂದು, ಸೇತುವೆಯ ಮೇಲೆ ಬಂತು. ಅಷ್ಟು ದೂರದಿಂದ ಅದಕ್ಕೆ ಆತುರವೇ ಇರಲಿಲ್ಲ. ಭಾವ ಬಟ್ಟೆಯೊಳಗೆ ಹೋದರು (ಈ ಸಲ ಅಸ್ತರು ಬೂದುಬಣ್ಣದ್ದು), ಹೊರಬಂದರು, ಬುರುಡೆ ಒತ್ತಿದರು. ‘ಅಲುಗಾಡಬೇಡಿ’ ಎನ್ನಲಿಲ್ಲ.

ಒಂದು ವರ್ಷ ಪ್ರತಿ ಭಾನುವಾರ ಅದೇ ಬಂಡೆ. ಮಂಜಿನಲ್ಲಿ ಪ್ಯಾಸೆಂಜರು, ಬಿಸಿಲಲ್ಲಿ ಗೂಡ್ಸು, ಮಳೆ ನಿಂತ ಮೇಲೆ ಒದ್ದೆಯಾಗಿ ಮಿನುಗುವ ಡಬ್ಬಿಗಳು. ಗ್ಯಾಂಗ್‌ಮನ್ ಕಾವಲಿಗೆಂದು ಬಂದು ಪಕ್ಕದಲ್ಲೇ ಕೂರುತ್ತಿದ್ದ. ಅಕ್ಕ ಮೂವರಿಗೂ ಬುತ್ತಿ ಕಟ್ಟುತ್ತಿದ್ದಳು. ವರ್ಷ ಮುಗಿದಾಗ ಭಾವ ಹತ್ತಿರ ಹೋಗಬಹುದಿತ್ತು. ಹೋಗಲಿಲ್ಲ. ಅಷ್ಟರಲ್ಲಿ ಉಗಿಯ ಇಂಜಿನ್ನುಗಳನ್ನು ಎಳೆದುಕೊಂಡು ಹೋದರು. ಇನ್ನು ಕೆಲವು ವರ್ಷಕ್ಕೆ ಹೆದ್ದಾರಿ ಬಂದ ಮೇಲೆ ಲೈನನ್ನೇ ಮುಚ್ಚಿದರು. ಹಳಿ ಕಿತ್ತ ದಾರಿಯಲ್ಲಿ ಹುಲ್ಲು ಬೆಳೆಯಿತು. ಅಲ್ಲೊಂದು ರೈಲು ಓಡುತ್ತಿತ್ತು ಎಂದು ಹೇಳಲು ಉಳಿದದ್ದು ಭಾವನ ಗಾಜಿನ ನೆಗೆಟಿವುಗಳು.

ಅವುಗಳಲ್ಲಿ ಸೇತುವೆಯದೊಂದನ್ನು ಬಾಗಿಲಿನಷ್ಟು ದೊಡ್ಡದಾಗಿ ಮಾಡಿ ಭಾವ ಸ್ಟುಡಿಯೋದಲ್ಲಿ, ಹಂಸಗಳನ್ನು ಇಳಿಸಿದ ಜಾಗದಲ್ಲಿ, ತೂಗುಹಾಕಿದ್ದರು. ನಿವೃತ್ತನಾದ ಗ್ಯಾಂಗ್‌ಮನ್ ಒಂದು ದಿನ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬಂದ. ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಸುರಂಗದ ಬಾಯಿಯ ಹತ್ತಿರ, ಹಳಿಯ ಮೇಲೆ, ಸಾಸಿವೆಯಷ್ಟಿದ್ದ ಒಂದು ಕಪ್ಪು ಚುಕ್ಕೆಯ ಮೇಲೆ ಬೆರಳಿಟ್ಟ.

“ನೋಡಮ್ಮ, ಇದು ನಾನು.”

“ಹೇಗೆ ಗೊತ್ತು ಅಪ್ಪ?” ಎಂದಳು ಮಗಳು.

“ನನ್ನ ನಡಿಗೆ ನನಗೆ ಗೊತ್ತಾಗಲ್ವಾ? ಹೆಗಲ ಮೇಲೆ ಸುತ್ತಿಗೆ ಇದೆ ನೋಡು. ಅಲ್ವಾ ಸ್ವಾಮಿ?”

“ಹೌದು,” ಎಂದರು ಭಾವ. “ನೀವೇ.”

ಭಾವ ತೀರಿಹೋಗುವ ಹಿಂದಿನ ವರ್ಷ ನಾನು ಆ ಚಿತ್ರದ ಒಂದು ಪ್ರತಿ ಬೇಕೆಂದು ಕೇಳಿದೆ. ಪಟ್ಟಣದಿಂದ ಬಂದ ಪ್ರಿಂಟಿನ ಹುಡುಗಿ ಗಾಜನ್ನು ಬೆಳಕಿಗೆ ಹಿಡಿದು, “ಸಾರ್, ಇಲ್ಲಿ ಧೂಳು ಕೂತಿದೆ. ಫೋಟೋ ತೆಗೆಯುವಾಗಲೇ ಗಾಜಿನ ಮೇಲಿತ್ತು ಅನ್ಸುತ್ತೆ. ಈ ಚುಕ್ಕೆ ಅಳಿಸಿಬಿಡ್ಲಾ?” ಎಂದಳು.

ನಾನು ಭಾವನ ಮುಖ ನೋಡಿದೆ. ಅವರಿಗೆ ಗೊತ್ತಿತ್ತು, ಮೊದಲ ದಿನದಿಂದಲೂ ಗೊತ್ತಿತ್ತು. ವಿಚಾರಣೆಯ ಕೋಣೆಯಲ್ಲಿ ನಿಜ ಹೇಳಲು ಕುಣಿದು ತೋರಿಸಿದ ಮನುಷ್ಯ ಈ ಒಂದು ಸುಳ್ಳನ್ನು ಇಪ್ಪತ್ತು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದರು.

“ಬೇಡಮ್ಮ, ಅಳಿಸಬೇಡ,” ಎಂದರು ಭಾವ. “ಅವನು ಡ್ಯೂಟಿ ಮೇಲಿದ್ದಾನೆ.”